ಎದುರುಮನೆಯ ಸಂಪಿನ ನೀರು

2024ರ ಬೇಸಿಗೆಯನ್ನು ಬೆಂಗಳೂರಿನ ಹೊರಮಾವು ಕಡೆಯ ನಾವ್ಯಾರೂ ಮರೆಯುವ ಹಾಗಿಲ್ಲ. ಶಿವರಾತ್ರಿ ಬರುವ ಹೊತ್ತಿಗೆ ನಮ್ಮ ಬೋರ್‌ವೆಲ್ ಬತ್ತಿಹೋಗಿತ್ತು. ಟ್ಯಾಂಕರ್‌ನವರು ಫೋನೇ ಎತ್ತುತ್ತಿರಲಿಲ್ಲ. ಅನ್ನಕ್ಕಿಡಲೂ ನೀರಿಲ್ಲದ ದಿನ ಬಿಂದಿಗೆ ಹಿಡಿದು ಎದುರುಮನೆ ಅಕ್ಕನ ಬಾಗಿಲು ತಟ್ಟಿದೆ. ಸಂಪಿನ ಮುಚ್ಚಳ ಸರಿಸಿ ಬಕೆಟ್ ಇಳಿಬಿಡುತ್ತಾ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಆರು ವರ್ಷ ಆಯ್ತಲ್ಲಮ್ಮ ನೀನು ಈ ಬೀದಿಗೆ ಬಂದು. ಒಂದ್ ಲೋಟ ಸಕ್ಕರೆನೂ ಕೇಳಿದೋಳಲ್ಲ. ನಮ್ಮನೇದು ನಿಂಗೆ ಆಗಲ್ವೇನೋ ಅನ್ಕೊಂಡಿದ್ದೆ."

ನನಗೆ ಮಾತೇ ಹೊರಡಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೂ ಅವರ ಮನೆಗೆ ಕೇಕು, ಕರ್ಜಿಕಾಯಿ ಕೊಟ್ಟವಳು ನಾನು. ಅವರೂ ಆ ತಟ್ಟೆಯನ್ನು ಒಮ್ಮೆಯೂ ಬರಿದಾಗಿ ವಾಪಸ್ ಕಳಿಸಿದವರಲ್ಲ. ಲಾಕ್‌ಡೌನ್‌ನಲ್ಲಿ ಚರ್ಚಿನವರ ಜೊತೆ ಬೀದಿಬೀದಿಗೆ ಅಕ್ಕಿಬೇಳೆ ಹಂಚಿದ್ದೆ. ನೆರೆಯವರನ್ನು ಪ್ರೀತಿಸು ಎಂಬ ಆಜ್ಞೆಯನ್ನು ಪಾಲಿಸುತ್ತಿದ್ದೇನೆ ಎಂದೇ ನಂಬಿದ್ದೆ. ನನಗೂ ಒಂದು ಕೊರತೆ ಇರಬಹುದು ಎಂಬುದನ್ನು ಮಾತ್ರ ಅವರಿಗೆ ಕಾಣಗೊಟ್ಟಿರಲಿಲ್ಲ.

ಅದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ. ಆ ರಾತ್ರಿ ಬೈಬಲ್ಲಿನಲ್ಲಿ ಸಂತ ಯೊವಾನ್ನರ ಶುಭಸಂದೇಶದ 4ನೇ ಅಧ್ಯಾಯ ತೆರೆದೆ. ನಡುಮಧ್ಯಾಹ್ನ, ನಡೆದು ದಣಿದ ಯೇಸುಸ್ವಾಮಿ ಯಕೋಬನ ಬಾವಿಯ ಬಳಿ ಕೂತಿದ್ದಾರೆ. ಬಾವಿ ಆಳ, ಸೇದಲು ಕೈಯಲ್ಲಿ ಏನೂ ಇಲ್ಲ. ಸಮಾರಿಯದ ಹೆಂಗಸಿಗೆ ಅವರು ಆಡುವ ಮೊದಲ ಮಾತು ಉಪದೇಶವಲ್ಲ, ನೀರು ಕೊಡು ಎಂಬ ಬೇಡಿಕೆ. ಯೇಸು ಯೆಹೂದ್ಯರು; ಯೆಹೂದ್ಯರು ಸಮಾರಿಯದವರೊಂದಿಗೆ ಬಳಕೆ ಇಟ್ಟುಕೊಳ್ಳದ ಕಾಲ ಅದು. ಯಾರು ಯಾರ ಕೈಯ ನೀರು ಕುಡಿಯುತ್ತಾರೆ ಎಂಬುದರ ಭಾರ ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಆ ಊರಿನವರು ಕರೆದರೆಂದು ಅವರು ಎರಡು ದಿನ ಅಲ್ಲೇ ಉಳಿದರು. ಆ ಎರಡು ದಿನ ಯಾರ ಮನೆಯಲ್ಲಿ ಉಂಡರೋ, ಯಾರ ಜಗಲಿಯಲ್ಲಿ ಮಲಗಿದರೋ! ಎಷ್ಟು ಸಲ ಓದಿದ್ದರೂ ಈ ಸಾಲಿನ ಮುಂದೆ ನಾನು ನಿಂತೇ ಇರಲಿಲ್ಲ.

ಬೆಂಗಳೂರಿನ ಕ್ರೈಸ್ತರಾದ ನಮಗೆ ಕೊಡುವುದು ಚೆನ್ನಾಗಿ ಗೊತ್ತು. ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಿಂದ ಇದೆ, ಅದರ ಬೆಲೆ ಕಮ್ಮಿಯಲ್ಲ. ಆದರೆ ಸದಾ ಕೊಡುವವರೇ ಆಗಿಬಿಟ್ಟರೆ ನಾವು ಒಂದು ಮೆಟ್ಟಿಲು ಮೇಲೆಯೇ ನಿಂತಿರುತ್ತೇವೆ. ಮೇಯೋ ಹಾಲ್ ಹತ್ತಿರ ಕಿಟೆಲ್ ಪ್ರತಿಮೆ ಕಂಡಾಗ ನನಗೆ ಇದೇ ನೆನಪಾಗುತ್ತದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದವರು, 1894ರಲ್ಲಿ ಕನ್ನಡಕ್ಕೆ ಆ ದೊಡ್ಡ ನಿಘಂಟನ್ನು ಕೊಟ್ಟರು. ಈ ನೆಲದವರನ್ನು "ಇದಕ್ಕೇನಂತೀರಿ?" ಎಂದು ಕೇಳದೆ ಅಂಥ ಕೆಲಸ ಆಗುತ್ತದೆಯೇ?

ಹೀಗೆ ಬೆರೆಯುವುದೆಲ್ಲ ಮತಾಂತರಕ್ಕೆ ಎಂದು ಅನುಮಾನಿಸುವವರಿದ್ದಾರೆ. ಬರೀ ಬೆರೆತರೆ ಸಾಕೇ, ಸ್ವಾಮಿಯ ಹೆಸರು ಹೇಳಬೇಡವೇ ಎಂದು ನಮ್ಮವರೂ ಕೇಳುತ್ತಾರೆ. ನಾನು ಯಾರನ್ನು ನಂಬುತ್ತೇನೆಂದು ಅಕ್ಕನಿಗೆ ಗೊತ್ತು. ಕೇಳಿದರೆ ಹೇಳುತ್ತೇನೆ. ಅವರ ಸ್ನೇಹವನ್ನು ಗಾಳಕ್ಕೆ ಸಿಕ್ಕಿಸುವ ಎರೆ ಮಾಡಲು ನನ್ನಿಂದಾಗದು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತದ ಉದ್ಘಾಟನೆಯಾಯಿತು. ನೀರಿನ ಗೋಳು ತಗ್ಗಿದರೂ ನಮ್ಮಿಬ್ಬರ ಕೊಡುಕೊಳ್ಳುವಿಕೆ ನಿಲ್ಲಲಿಲ್ಲ. ಹೋದ ತಿಂಗಳು ಅವರ ಯಜಮಾನರನ್ನು ಐಸಿಯುಗೆ ಸೇರಿಸಿದ ರಾತ್ರಿ ಫೋನ್ ಬಂತು: "ಬರ್ತೀಯಾ? ಒಬ್ಳೇ ಕೂತ್ಕೊಳೋಕೆ ಆಗ್ತಿಲ್ಲ." ಹೊರಗಿನ ಬೆಂಚಿನ ಮೇಲೆ ಅವರು ಮಂಜುನಾಥನನ್ನು ನೆನೆಯುತ್ತಿದ್ದರು, ನನ್ನ ಕೈಯಲ್ಲಿ ಜಪಮಾಲೆ ಇತ್ತು. ಬೆಳಗಿನ ಜಾವ ಅವರು ಫ್ಲಾಸ್ಕ್ ತೆಗೆದರು. ಇದ್ದದ್ದು ಒಂದೇ ಲೋಟ. ಅರ್ಧ ಕಾಫಿ ಕುಡಿದು ನನ್ನ ಕೈಗಿಟ್ಟರು.