ಹುಣಸೆಹಣ್ಣಿನಲ್ಲಿ ತೊಳೆದ ಪ್ಲೇಗಿನ ಕಾಸು

ಇ-ವೈ-ಎ-ಎಂ ಅಂತ ಬರೆದು 'ಈಮ್' ಅಂತ ಓದುವ ಊರಿನಲ್ಲಿ ನನ್ನ ಬಾಲ್ಯದ ಮೂರು ವರ್ಷ ಕಳೆಯಿತು. ಇಂಗ್ಲೆಂಡಿನ ಡರ್ಬಿಶೈರ್‌ನ ಗುಡ್ಡಗಳ ನಡುವಿನ ಕಲ್ಲುಮನೆಗಳ ಹಳ್ಳಿ ಅದು. ಅಪ್ಪನಿಗೆ ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಕೆಲಸ. ಬಾಡಿಗೆ ಕಡಿಮೆ ಅಂತ ಮನೆ ಹಳ್ಳಿಯಲ್ಲಿ. ಮೊದಲ ದಿನ ಬಸ್ಸಿನವನು "ಈಮ್, ಈಮ್" ಅಂತ ಎರಡು ಸಲ ಕೂಗಿದ. ನಾವು ಇಳಿಯಬೇಕಾದದ್ದು 'ಇಯಾಮ್', ಯಾರೋ ಬೇರೆಯವರ ಊರು ಬಂತು ಅಂದುಕೊಂಡು ಲಗೇಜು ತಬ್ಬಿಕೊಂಡು ಹಾಗೇ ಕೂತೆವು. ಮುಂದಿನ ಊರಿನಿಂದ ಮಳೆಯಲ್ಲಿ ನಡೆದು ವಾಪಸು ಬಂದೆವು. ಅಮ್ಮ ಆ ಊರನ್ನು ಕೊನೆಯವರೆಗೂ ಇಯಾಮ್ ಅಂತಲೇ ಕರೆದಳು, ಹಟಕ್ಕೆ.

ಈ ಊರು ಪ್ರಸಿದ್ಧವಾಗಿರುವುದು ಪ್ಲೇಗಿಗೆ ಸತ್ತವರಿಂದ. 1665ರಲ್ಲಿ ಲಂಡನ್ನಿನಿಂದ ಇಲ್ಲಿನ ದರ್ಜಿಯ ಮನೆಗೆ ಬಟ್ಟೆಯ ಗಂಟೊಂದು ಬಂತು. ಬಟ್ಟೆ ತೇವವಾಗಿತ್ತು. ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ ಒಲೆಯ ಮುಂದೆ ಹರವಿದ. ಬಟ್ಟೆಯ ಜೊತೆ ಬಂದಿದ್ದ, ಪ್ಲೇಗು ಹೊತ್ತ ಚಿಗಟಗಳಿಗೆ ಬೆಚ್ಚಗಾಯಿತು. ಸೆಪ್ಟೆಂಬರ್ 7ಕ್ಕೆ ವಿಕರ್ಸ್ ತೀರಿಕೊಂಡ. ಮುಂದಿನ ವರ್ಷದ ಬೇಸಿಗೆಯಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಸೇರಿ ಊರವರನ್ನು ಒಪ್ಪಿಸಿದರು: ಯಾರೂ ಊರು ಬಿಟ್ಟು ಹೋಗುವುದು ಬೇಡ, ಸುತ್ತಲಿನ ಊರುಗಳಿಗೆ ರೋಗ ಹಂಚುವುದು ಬೇಡ. ಹದಿನಾಲ್ಕು ತಿಂಗಳಲ್ಲಿ ಸತ್ತವರು 260 ಜನ. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ಹೆಂಗಸು ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತನ್ನ ಕೈಯಾರೆ ಮಣ್ಣು ಮಾಡಿದಳು. ಆ ಸಮಾಧಿಗಳು ಊರಾಚೆ ಹೊಲದಲ್ಲಿ ಇವೆ. ಅದರ ಬಗ್ಗೆ ತಮಾಷೆ ಮಾಡಲು ನನಗೆ ಈಗಲೂ ಬಾಯಿ ಬರುವುದಿಲ್ಲ.

ತಮಾಷೆ ಆಗಿದ್ದು ಗಡಿಕಲ್ಲಿನ ವಿಷಯದಲ್ಲಿ.

ಈಮ್‌ಗೂ ಪಕ್ಕದ ಸ್ಟೋನಿ ಮಿಡಲ್ಟನ್‌ಗೂ ನಡುವೆ ಹುಲ್ಲುಗಾವಲಿನಲ್ಲಿ ಒಂದು ಬಂಡೆ ಇದೆ, ಮೇಲೆ ಆರು ಗುಳಿ. ಪ್ಲೇಗಿನ ಕಾಲದಲ್ಲಿ ಊರವರು ಆ ಗುಳಿಗಳಲ್ಲಿ ವಿನೆಗರ್ ತುಂಬಿ ಕಾಸು ಹಾಕಿಡುತ್ತಿದ್ದರು. ಆಚೆ ಊರಿನವರು ದಿನಸಿ ಇಟ್ಟು ಕಾಸು ತೆಗೆದುಕೊಂಡು ಹೋಗುತ್ತಿದ್ದರು. ಈಗ ನೋಡಲು ಬಂದವರು ಅದರೊಳಗೆ ಚಿಲ್ಲರೆ ಹಾಕಿ ಹೋಗುತ್ತಾರೆ. 1984ರ ಬೇಸಿಗೆ ರಜದಲ್ಲಿ ಹತ್ತು ವರ್ಷದ ನಾನು, ಏಳು ವರ್ಷದ ನನ್ನ ತಮ್ಮ ಆ ಚಿಲ್ಲರೆ ಬಳಿದುಕೊಂಡು ಬಂದೆವು. ಎರಡು ಪೆನ್ಸಿನವು ಮೂರು, ಒಂದರವು ಎಂಟು. ಒಟ್ಟು ಹದಿನಾಲ್ಕು ಪೆನ್ಸ್.

ಆಗ ಮೈಸೂರಿನಿಂದ ಅಜ್ಜಿ ಬಂದಿದ್ದರು. ತಮ್ಮನ ಚಡ್ಡಿ ಜೇಬು ಝಣ್ ಅಂದದ್ದು ಅವರ ಕಿವಿಗೆ ಬಿತ್ತು. ಎಲ್ಲಿಯದು ಅಂದರು. ತಮ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಇವತ್ತಿಗೂ ಬರುವುದಿಲ್ಲ, ಅದಕ್ಕೇ ಅವನು ಮುಂದೆ ಬರಲಿಲ್ಲ. ಪ್ಲೇಗಿನ ಕಲ್ಲು, ಸತ್ತವರು, ಕಾಸು, ಎಲ್ಲ ಒಂದೇ ಉಸಿರಿಗೆ ಹೇಳಿದ.

ಪ್ಲೇಗು ಅಂದ ಕೂಡಲೇ ಅಜ್ಜಿ ಮುಖವೇ ಬದಲಾಯಿತು. ಅವರು ಹುಟ್ಟಿದ್ದು ಶ್ರೀರಂಗಪಟ್ಟಣದ ಕಡೆಯ ಹಳ್ಳಿಯಲ್ಲಿ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಆಮೇಲೆ ಎಷ್ಟೋ ವರ್ಷ ಮೈಸೂರು ಸೀಮೆಯಲ್ಲಿ ಓಡಾಡಿಕೊಂಡಿತ್ತು. ಇಲಿ ಸತ್ತು ಬಿತ್ತು ಅಂತ ಸುದ್ದಿ ಬಂದರೆ ಪಾತ್ರೆ-ಪಡಗ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು; ಅವರ ಬಾಲ್ಯವೇ ಹಾಗೆ ಕಳೆದಿತ್ತು.

"ಇಲಿ ಬಿದ್ದರೆ ಊರು ಬಿಡಬೇಕು ಕಣೋ. ಈ ಪಾದ್ರಿ ಊರಲ್ಲೇ ಇರಿ ಅಂದನಾ? ಅವನಿಗೆ ಹೇಳೋರು ಯಾರೂ ಇರಲಿಲ್ವಾ?"

ನನ್ನ ಶಾಲೆಯಲ್ಲಿ ಯಾವ ಮೇಷ್ಟ್ರೂ ಈ ಪ್ರಶ್ನೆ ಕೇಳಿರಲಿಲ್ಲ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಇತಿಹಾಸಕಾರರು ಇದೇ ವಿಷಯಕ್ಕೆ ಜಗಳ ಆಡುತ್ತಾರಂತೆ. ಅಜ್ಜಿಗೆ ಎರಡು ನಿಮಿಷ ಸಾಕಾಗಿತ್ತು.

ಕಾಸನ್ನು ಅಜ್ಜಿ ಇಕ್ಕಳದಲ್ಲಿ ಹಿಡಿದು ಹೊರಗೆ ಇಟ್ಟರು. ಬಿಸಾಡುವ ಹಾಗಿಲ್ಲ, ಲಕ್ಷ್ಮಿ. ಒಳಗೆ ತರುವ ಹಾಗಿಲ್ಲ, ಪ್ಲೇಗು. ವಿನೆಗರಿನಲ್ಲಿ ತೊಳೆದರೆ ಸರಿಹೋಗುತ್ತದಂತೆ ಅಂತ ನಾನು ಚಿಪ್ಸಿಗೆ ಹಾಕುವ ಬಾಟಲಿ ತಂದುಕೊಟ್ಟೆ. ಮೂಗಿನ ಹತ್ತಿರ ಹಿಡಿದು, "ಥೂ, ಹಳಸಿದ ಹೆಂಡ" ಅಂದರು. ಸೂಟ್‌ಕೇಸಿನಿಂದ ತಾವು ತಂದಿದ್ದ ಹುಣಸೆಹಣ್ಣು ತೆಗೆದರು. ಉಪ್ಪು ಬೆರೆಸಿ, ದೀಪದ ಕಂಬ ತಿಕ್ಕುವ ಹಾಗೆ ಒಂದೊಂದನ್ನೂ ತಿಕ್ಕಿದರು. ಆಗಿನ ಪೆನ್ನಿಗಳು ಕಂಚಿನವು. ಕರಿಬೇವಿನ ಕಡ್ಡಿಯ ಬಣ್ಣಕ್ಕೆ ತಿರುಗಿದ್ದ ಕಾಸು ಅರ್ಧ ಗಂಟೆಯಲ್ಲಿ ಹೊಸ ತಾಮ್ರದ ಚೊಂಬಿನ ಹಾಗೆ ಹೊಳೆಯಿತು.

"ಹೋಗಿ ಅಲ್ಲೇ ಹಾಕಿ ಬನ್ನಿ," ಅಂದರು.

ಗಡಿಕಲ್ಲಿಗೆ ಹೋಗುವ ದಾರಿಯಲ್ಲಿ ಅಂಗಡಿ ಇರಲಿಲ್ಲ. ನಾವು ಅಂಗಡಿ ಇರುವ ದಾರಿಯಲ್ಲಿ ಹೋದೆವು.

ಹದಿನಾಲ್ಕು ಪೆನ್ಸಿಗೆ ಎಷ್ಟು ಬರುತ್ತೋ ಅಷ್ಟು ನಿಂಬೆ ಪೆಪ್ಪರಮಿಂಟು ಕೇಳಿದೆವು. ಅಂಗಡಿಯಾತ ಜಾಡಿಯ ಮುಚ್ಚಳಕ್ಕೆ ಕೈ ಹಾಕಿದವನು ಕಾಸು ನೋಡಿ ನಿಲ್ಲಿಸಿದ. ಕನ್ನಡಕ ಹಣೆಗೆ ಏರಿಸಿ ಒಂದನ್ನು ಬೆಳಕಿಗೆ ಹಿಡಿದ. ಇಸವಿ 1971. ಇನ್ನೊಂದು ಬದಿಯಲ್ಲಿ 'ನ್ಯೂ ಪೆನ್ಸ್' ಅಂತ ಇತ್ತು, ಆ ಕಾಲದ ನಾಣ್ಯಕ್ಕೆ ಹಾಗೆ ಅಚ್ಚು ಹಾಕುತ್ತಿದ್ದರು. "ಹೊಸದು ಅಂತ ಬರೆದಿದೆ ನಿಜ," ಅಂದ, "ಆದರೂ ಇಷ್ಟು ಹೊಸದಾ? ಮನೆಯಲ್ಲೇ ಮಾಡಿದ್ರಾ?" ಮೂಸಿ ನೋಡಿದ. ಹುಣಸೆಯ ವಾಸನೆ ಅವನಿಗೆಲ್ಲಿ ಗೊತ್ತು! ಎಲ್ಲಿಂದ ತಂದಿರಿ ಅಂತ ಕೇಳಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಹೇಳಿಬಿಟ್ಟ: "ಪ್ಲೇಗಿನ ಕಲ್ಲಿಂದ."

ಅಂಗಡಿಯಾತ ಕಾಸನ್ನು ಪಟ್ಟನೆ ಕೆಳಗೆ ಬಿಟ್ಟ. ಪ್ಲೇಗು ಮುಗಿದು 318 ವರ್ಷವಾಗಿತ್ತು. ಆದರೂ ಅವನ ಕೈ ತಾನಾಗಿಯೇ ಅಂಗಿಗೆ ಒರೆಸಿಕೊಂಡಿತು, ನಾನೇ ನೋಡಿದೆ.

ಸುದ್ದಿ ನಮಗಿಂತ ಮುಂಚೆ ಮನೆ ಸೇರಿತ್ತು. ಇನ್ನು ಈ ಹುಡುಗರನ್ನು ನಂಬುವ ಹಾಗಿಲ್ಲ ಅಂತ ಅಜ್ಜಿಯೇ ನಮ್ಮ ಜೊತೆ ಹೊರಟರು. ಸೀರೆಯ ಮೇಲೆ ಅಪ್ಪನ ಸ್ವೆಟರು, ತಲೆಗೆ ಮಫ್ಲರು, ಕಾಲಿಗೆ ಕಾಲುಚೀಲ, ಅದರ ಮೇಲೆ ಹವಾಯಿ ಚಪ್ಪಲಿ. ಹೊಲಗಳ ನಡುವೆ ಕಲ್ಲಿನ ಗೋಡೆ ದಾಟಲು ಮೆಟ್ಟಿಲು ಇರುತ್ತದೆ, ನಮ್ಮ ಮಲೆನಾಡಿನವರು ತಡಮೆ ಅನ್ನುತ್ತಾರಲ್ಲ, ಅಂಥದ್ದು. ಅದರ ಮೇಲೆ ಹತ್ತಿ ನಿಂತು ಅಜ್ಜಿ ಸೀರೆ ಎತ್ತಿ ಕಟ್ಟುವಾಗ ಎದುರಿನಿಂದ ಬಂದ ವಾಕಿಂಗ್ ಗುಂಪು ಟೋಪಿ ತೆಗೆದು ದಾರಿ ಬಿಟ್ಟಿತು. ಕುರಿಗಳೂ ಬಿಟ್ಟವು.

ಕಲ್ಲಿನ ಮುಂದೆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಗುಳಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಸೊಂಟದ ಚೀಲದಿಂದ ಪೊಟ್ಟಣ ತೆಗೆದು, ಆರು ಗುಳಿಗೂ ಅರಿಶಿನ ಕುಂಕುಮ ಇಟ್ಟು, "ಪ್ಲೇಗಮ್ಮ, ಹುಡುಗ ಮುಂಡೇವು, ತಪ್ಪು ಹೊಟ್ಟೆಗೆ ಹಾಕ್ಕೊಳ್ಳಮ್ಮ" ಅಂತ ಕೈಮುಗಿದರು. ನಮ್ಮ ಕೈಲೂ ಮುಗಿಸಿದರು. ಹನ್ನೊಂದು ನಾಣ್ಯ ಫಳಫಳ ಅನ್ನುತ್ತಾ ಗುಳಿಯಲ್ಲಿ ಕೂತವು.

ಆ ವಾರವೇ ಊರಲ್ಲಿ ಬಾವಿ ಅಲಂಕಾರ. ಹಲಗೆಗೆ ಹಸಿಮಣ್ಣು ಮೆತ್ತಿ ಹೂವಿನ ಎಸಳು ಒತ್ತಿ ಚಿತ್ರ ಮಾಡುತ್ತಾರೆ; ಆಗಸ್ಟಿನ ಕೊನೆಯ ಭಾನುವಾರ ಸತ್ತವರ ನೆನಪಿಗೆ ಪ್ರಾರ್ಥನೆ. ಇಡೀ ಊರು ಸಡಗರದಲ್ಲಿರುವಾಗ ಗುಸುಗುಸು ಶುರುವಾಯಿತು: ಯಾರೋ ಪುಂಡರು ಗಡಿಕಲ್ಲಿಗೆ ಕೆಂಪು ಬಣ್ಣ ಬಳಿದಿದ್ದಾರೆ! ಪ್ಲೇಗು ಹೊಕ್ಕ ಮನೆಯ ಬಾಗಿಲಿಗೆ ಲಂಡನ್ನಿನಲ್ಲಿ ಕೆಂಪು ಶಿಲುಬೆ ಬರೆಯುತ್ತಿದ್ದರಂತೆ. ಇದನ್ನು ಯಾರೋ ನೆನಪಿಸಿ ಗುಸುಗುಸುವಿಗೆ ಇನ್ನಷ್ಟು ಗಾಳಿ ಹಾಕಿದರು.

ಮೂರನೇ ದಿನ ಪಕ್ಕದ ಮನೆಯ ಮುದುಕಿ ತಟ್ಟೆಯಲ್ಲಿ ಬಿಸಿ ಸ್ಕೋನ್ ತಂದುಕೊಟ್ಟರು. ಹೊಸ್ತಿಲಲ್ಲೇ ನಿಂತು ಅಮ್ಮನಿಗೆ ಹೇಳಿದರು, ತಾವೇ ಹೋಗಿ ನೋಡಿದರಂತೆ, ಅದು ಬಣ್ಣ ಅಲ್ಲವಂತೆ, ಒದ್ದೆ ಬೆರಳಿಗೆ ಬಂದುಬಿಡುತ್ತದಂತೆ. ಜೊತೆಗೆ ಹಳದಿ ಪುಡಿಯೂ ಇದೆಯಂತೆ. ಹೇಳುತ್ತಾ ಹೇಳುತ್ತಾ ಅವರ ಕಣ್ಣು ಅಮ್ಮನ ಭುಜದಾಚೆ, ಅಜ್ಜಿಯ ಹಣೆಯ ಕಾಸಗಲದ ಕುಂಕುಮದ ಮೇಲೆ ಹೋಗಿ ನಿಂತಿತು. ಅಜ್ಜಿ ನಕ್ಕರು. ಅವರೂ ನಕ್ಕರು.

"ಏನಂತಮ್ಮಾ?" ಅಂದರು ಅಜ್ಜಿ.

"ಇವತ್ತು ಸಂಜೆ ಮಳೆ ಬರುತ್ತಂತೆ ಅತ್ತೆ," ಅಂದಳು ಅಮ್ಮ. "ಜೋರಾಗಿ ಬರಲಿ ಅಂತ ದೇವರಿಗೆ ಹೇಳಿ."