ತಲೆ ಮೇಲಿನ ಕಟ್ಟೆ

ಕನ್ನಂಬಾಡಿ ಕಟ್ಟೆಗೆ ನೀರು ಎಷ್ಟಡಿ ಬಂತು ಅಂತ ಕಾಫಿಗೂ ಮೊದಲು ಪೇಪರ್ ತಿರುವುವ ಜನ ನಾವು. 124.80 ಅಡಿ ಮುಟ್ಟಿತು ಅಂದರೆ ಮೈಸೂರಿನಲ್ಲೂ ಮಂಡ್ಯದಲ್ಲೂ ಮುಖ ಅರಳುತ್ತದೆ. ಅದೇ ನೀರು ಹಳೇ ಪಿಕಪ್ಪಿನ ಬೆನ್ನಿಗೆ ಕೂರಿಸಿದ ಮಡಚೋ ಮನೆಯ ಟಾಪಿನ ಮೇಲೆ ಅರ್ಧ ಇಂಚು ನಿಂತರೆ ಮಾತ್ರ ಯಾರೂ ಬಾಗಿನ ಬಿಡಲು ಬರುವುದಿಲ್ಲ.

ಮೊದಲೇ ಒಂದು ಮಾತು. ಈ ಮಡಚೋ ಮನೆಗೂ ಕ್ಯಾಂಪರ್ ಅಂತಲೇ ಹೆಸರು. ಆದರೆ ಮಂಡ್ಯದಲ್ಲಿ ಕ್ಯಾಂಪರ್ ಅಂದರೆ ಎರಡು ಸಾಲು ಸೀಟು, ಹಿಂದೆ ತೊಟ್ಟಿ ಇರುವ ಪಿಕಪ್ಪು. ಮುಂದೆ ಬೀಗರು, ಹಿಂದೆ ಬೆಲ್ಲದ ಮೂಟೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ತೊಟ್ಟಿಯೊಳಗೆ ಕೂರುವ ಒಂದು ಪೆಟ್ಟಿಗೆ. ಓಡುವಾಗ ಟಾಪು ತಗ್ಗಿ ಕೂತಿರುತ್ತದೆ. ನಿಲ್ಲಿಸಿ ಎತ್ತಿದರೆ ಸುತ್ತಲೂ ಕ್ಯಾನ್ವಾಸ್ ಬಿಚ್ಚಿಕೊಂಡು ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ ಬರುತ್ತದೆ. ಅಮೆರಿಕದಲ್ಲಿ ಇದು ಹಳೇ ಸಾಮಾನು. ಇಲ್ಲಿ ಬಾಡಿ ಕಟ್ಟುವವರ ಮುಂದೆ ಫೋಟೊ ಹಿಡಿದು ಮಾಡಿಸಿಕೊಂಡ ಶೋಕಿ. ಎಲ್ಲಿ ಹುಟ್ಟಿದ್ದಾದರೂ ವಯಸ್ಸಾದ ಮೇಲೆ ಸೋರುವುದರಲ್ಲಿ ಭೇದವಿಲ್ಲ.

ಸೋರಿಕೆಯ ಮೊದಲ ಸುಳಿವು ನೀರಲ್ಲ, ತೂಕ. ಹೋದ ವರ್ಷ ಒಬ್ಬರೇ ಎತ್ತುತ್ತಿದ್ದ ಟಾಪಿಗೆ ಈ ವರ್ಷ ಭಾವಮೈದನನ್ನು ಕರೆಯಬೇಕಾಯಿತು ಅಂದರೆ ಜನ ಮೊದಲು ಬೈಯುವುದು ಟಾಪು ಎತ್ತಲು ನೆರವಾಗುವ ಗ್ಯಾಸ್ ಸ್ಟ್ರಟ್ಟನ್ನು, ಆಮೇಲೆ ತಮ್ಮ ವಯಸ್ಸನ್ನು, ಕೊನೆಗೆ ಭಾವಮೈದನನ್ನು. ತಗಡಿನ ಅಡಿಯ ಪ್ಲೈವುಡ್ಡು ನೀರು ಕುಡಿದು ಬಸುರಿಯಾಗಿದೆ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

ಹಾಗಂತ ಒಳಗೆ ಕಂಡ ಹನಿಯೆಲ್ಲ ಸೋರಿಕೆಯೂ ಅಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಇಬ್ಬರು ರಾತ್ರಿಯಿಡೀ ಉಸಿರಾಡಿದರೆ ತಣ್ಣಗಿನ ಅಲ್ಯುಮಿನಿಯಂಗೆ ಆ ಉಸಿರು ತಾಗಿ ಬೆಳಗಿನ ಜಾವ ಹನಿ ಕಟ್ಟುತ್ತದೆ. ಮಳೆಯಿಲ್ಲದ ರಾತ್ರಿಯೂ ಹನಿ ಬಿದ್ದರೆ ಕಿಟಕಿ ಎರಡು ಬೆರಳು ತೆರೆದು ಮಲಗಿ, ರಿಪೇರಿ ಮುಗಿಯಿತು. ಇನ್ನೊಂದು ಮೋಸ ಕ್ಯಾನ್ವಾಸಿನದು. ಟಾಪು ಇಳಿಸುವಾಗ ಬಟ್ಟೆಯ ಒಂದು ಚುಂಗು ಹೊರಗೆ ಉಳಿದರೆ ಅದು ದೀಪದ ಬತ್ತಿ ಎಣ್ಣೆ ಎಳೆದಂತೆ ಮಳೆನೀರನ್ನು ಒಳಗೆ ಎಳೆಯುತ್ತದೆ. ಬಕೆಟ್‌ಗಟ್ಟಲೆ ಎಳೆಯುವುದಿಲ್ಲ, ಹಾಸಿಗೆಯ ಒಂದು ಮೂಲೆಯನ್ನಷ್ಟೇ, ಅದೂ ನಿಮ್ಮದನ್ನೇ, ಒದ್ದೆ ಮಾಡುತ್ತದೆ.

ಇವೆರಡೂ ಅಲ್ಲವೆಂದು ಖಾತ್ರಿಯಾದ ಮೇಲೆ ನಿಜವಾದ ತೂತು ಹುಡುಕಬೇಕು. ಇಲ್ಲಿ ಎಲ್ಲರೂ ಜಾರುತ್ತಾರೆ. ತೊಟ್ಟಿಕ್ಕುವ ಜಾಗದ ನೇರಕ್ಕೆ ಮೇಲೆ ಹತ್ತಿ ಅಲ್ಲೇ ಬಳಿಯುತ್ತಾರೆ. ನೀರು ಒಂದು ಕಡೆ ಇಳಿದು, ಪ್ಲೈವುಡ್ಡಿನ ಪದರದಲ್ಲೋ ಅಡ್ಡಪಟ್ಟಿಯ ಮೇಲೋ ಹರಿದು, ಮೂರಡಿ ಆಚೆ ಸಿಕ್ಕ ಸ್ಕ್ರೂ ತುದಿಯಿಂದ ಹನಿಯುತ್ತದೆ. ಕೆಳಗಿನವರು ತಕರಾರು ಮಾಡುತ್ತಾರೆ, ಗೇಟು ಇರುವುದು ಮೇಲಿನವರ ಕೈಯಲ್ಲಿ. ಕಾವೇರಿ ಬಯಲಿನವರಿಗೆ ಇದನ್ನು ವಿವರಿಸಬೇಕಿಲ್ಲ. ಸಾಲದ್ದಕ್ಕೆ ಗಾಡಿ ನಿಂತ ಇಳಿಜಾರು ಬದಲಾದರೆ ಹನಿಯ ಜಾಗವೂ ಬದಲಾಗುತ್ತದೆ. ಮನೆ ಮುಂದೆ ಎಡಕ್ಕೆ ಸೋರಿದ್ದು ಚಾಮುಂಡಿ ಬೆಟ್ಟದ ಏರಿನಲ್ಲಿ ನಿಲ್ಲಿಸಿದಾಗ ಹಿಂದಕ್ಕೆ ಸೋರುತ್ತದೆ. ಎರಡು ತೂತೆಂದು ಲೆಕ್ಕ ಹಾಕಿ ಕಂಗಾಲಾಗಬೇಡಿ.

ಪರೀಕ್ಷೆಗೆ ಮಾಮೂಲಿ ಗಾರ್ಡನ್ ಪೈಪು ಸಾಕು. ಕಾರು ತೊಳೆಯುವ ಪ್ರೆಷರ್ ಗನ್ ಬೇಡ, ಅದು ಇಲ್ಲದ ತೂತನ್ನೂ ಮಾಡಿಕೊಡುತ್ತದೆ. ಕೆಳಗಿನ ಅಂಚಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೂ ಹತ್ತು ನಿಮಿಷ ನೀರು ಬಿಟ್ಟು, ಆಮೇಲೆ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು ಯಾವ ತೂತಿನದು ಯಾವ ಹನಿ ಅಂತ ತಿಳಿಯುವುದಿಲ್ಲ. ಒಬ್ಬರು ಹೊರಗೆ ಪೈಪು ಹಿಡಿದರೆ ಇನ್ನೊಬ್ಬರು ಒಳಗಿನ ಸೀಲಿಂಗ್ ಹಲಗೆ ಬಿಚ್ಚಿ, ಹನಿ ಕಂಡಲ್ಲಿ ಗೆರೆ ಎಳೆಯಲು ಟಾರ್ಚು, ಚಾಕ್‌ಪೀಸು ಹಿಡಿದು ಕೂರಬೇಕು.

"ಬಂತಾ?"

"ಇಲ್ಲ."

"ಈಗ?"

"ಇಲ್ಲ ರೀ."

"ಹಂಗಾರೆ ಇಲ್ಲಲ್ಲ, ಆ ಕಡೆ ಹೋಗ್ತೀನಿ."

"ಬಂತು ಬಂತು! ಈಗ ಬಂತು!"

ಈಗ ಬಂದದ್ದು ಆಗ ಬಿಟ್ಟ ನೀರು. ಹತ್ತು ನಿಮಿಷ ಕಾಯಬೇಕೆನ್ನುವುದು ಇದಕ್ಕೇ. ಕಾಯುವ ತಾಳ್ಮೆ ಇಲ್ಲದವರ ಟಾಪಿನ ಮೇಲೆ ಏಳೆಂಟು ಕಡೆ ತೇಪೆ ಇರುತ್ತದೆ, ತೂತಿನ ಮೇಲೊಂದನ್ನು ಬಿಟ್ಟು.

ಶಂಕಿತರ ಪಟ್ಟಿಯಲ್ಲಿ ಮೊದಲನೆಯದು ಟಾಪಿನ ನಡುವಿನ ಗವಾಕ್ಷಿ. ಆಮೇಲೆ ಸುತ್ತಲ ಅಲ್ಯುಮಿನಿಯಂ ಪಟ್ಟಿಯ ಸ್ಕ್ರೂಗಳು, ಮುಂದಿನ ಎರಡು ಮೂಲೆ, ಸೋಲಾರ್ ಪ್ಲೇಟಿಗೆ ಅಂತ ಯಾರೋ ಕೊರೆದು ಮರೆತ ವೈರಿನ ತೂತು. ಪಟ್ಟಿಯ ಅಡಿಯ ಬ್ಯೂಟೈಲ್ ಅಂಟು, ಟೇಪಿನಂತೆ ಬರುವ ಜಿಗುಟು ರಬ್ಬರು, ವರ್ಷಗಳ ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಅದರ ಮೇಲೆ ತಗಡಿನ ಉಸಿರಾಟ ಬೇರೆ: ಬೆಳಗಿನ ತಂಪಿಗೂ ಮಧ್ಯಾಹ್ನದ ಕಾವಿಗೂ 40 ಡಿಗ್ರಿ ವ್ಯತ್ಯಾಸ ಬಂದರೆ 8 ಅಡಿ ಅಲ್ಯುಮಿನಿಯಂ ಸುಮಾರು 2.2 ಮಿ.ಮೀ. ಹಿಗ್ಗುತ್ತದೆ. ಅಡಿಯ ಮರ ಅಷ್ಟು ಹಿಗ್ಗುವುದಿಲ್ಲ. ಈ ಜಗಳದಲ್ಲಿ ನಡುವೆ ಸಿಕ್ಕಿಕೊಂಡ ಸ್ಕ್ರೂ ಸಡಿಲವಾಗುತ್ತದೆ. ಜೊತೆಗೆ ಬೀದಿಗೆ ಮೂರರಂತೆ ಹಂಪು.

ಪೈಪು ಹಿಡಿದು ನಿಂತಾಗ ಸಲಹೆಗಾರರು ಸೇರುತ್ತಾರೆ. ಎದುರು ಮನೆಯವರು "ಎಂ-ಸೀಲ್ ಹಾಕಿ ಸಾರ್, ಕಲ್ಲಾಗುತ್ತೆ" ಅನ್ನುತ್ತಾರೆ. ಕಲ್ಲಾಗುವುದೇ ತೊಂದರೆ, ಹಿಗ್ಗಿ ಕುಗ್ಗುವ ತಗಡಿನ ಮೇಲೆ ಕಲ್ಲು ಬಿರುಕು ಬಿಡುತ್ತದೆ. ಊರಿಂದ ಬಂದ ದೊಡ್ಡಪ್ಪ "ಒಂದು ಟಾರ್ಪಾಲ್ ಹೊದ್ಸು, ಬುಡು" ಅನ್ನುತ್ತಾರೆ. ಮನೆ ತಾರಸಿಗೆ ಬಳಿದು ಉಳಿದ ವಾಟರ್‌ಪ್ರೂಫ್ ಪೇಂಟನ್ನು ಡಬ್ಬಿ ಸಮೇತ ತಂದುಕೊಡುವವರೂ ಉಂಟು. 8 ಅಡಿಗೆ 6 ಅಡಿಯ ಟಾಪಿನ ಮೇಲೆ ಒಂದು ಮಿ.ಮೀ. ದಪ್ಪ ಬಳಿದರೆ ಐದಾರು ಕೆ.ಜಿ. ಏರುತ್ತದೆ. ನಾಲ್ಕು ಮಳೆಗಾಲ ಹೀಗೇ ಬಳಿದರೆ ಟಾಪು ಎತ್ತಲು ಜೆಸಿಬಿ ಹೇಳಬೇಕು. ಅಡಿಯ ಮರವೋ, ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು.

ಸಾಮಾನು ತರುವುದು ಇನ್ನೊಂದು ಸಾಹಸ.

"ಅಣ್ಣ, ಪಿಯು ಸೀಲೆಂಟ್ ಇದ್ಯಾ?"

"ಸಿಲಿಕಾನಾ ಸಾರ್?"

"ಸಿಲಿಕಾನ್ ಅಲ್ಲ, ಪಿಯು."

"ಅದೇ ಸಾರ್, ಸಿಲಿಕಾನು. ಬಿಳೀದಾ, ಟ್ರಾನ್ಸ್‌ಪರೆಂಟಾ?"

ಇಲ್ಲಿ ಸೋತು ಸಿಲಿಕಾನ್ ತಂದರೆ ಮುಂದಿನ ಜನ್ಮದಲ್ಲೂ ಕೆರೆಯುತ್ತಿರಬೇಕು. ಅದರ ಮೇಲೆ ಬೇರೆ ಅಂಟು ಹಿಡಿಯುವುದಿಲ್ಲ, ಇನ್ನೊಂದು ಪದರ ಸಿಲಿಕಾನೂ ನೆಟ್ಟಗೆ ಹಿಡಿಯುವುದಿಲ್ಲ. ವಿನಿಗರ್ ವಾಸನೆಯದಾದರೆ ಅದರ ಆಮ್ಲ ತಗಡನ್ನೂ ತಿನ್ನುತ್ತದೆ. ಬೇಕಾದದ್ದು ಪಿಯು, ಅಂದರೆ ಪಾಲಿಯುರಿಥೇನ್, ಬಿಳಿ ಅಥವಾ ಬೂದು. ಕಾರಿನ ಗ್ಲಾಸ್ ಕೂರಿಸುವವರ ಹತ್ತಿರ ಸಿಗುವ ಪಿಯು ಕಪ್ಪು. ಬಿಸಿಲನ್ನು ಕರೆದು ಕೂರಿಸಿಕೊಳ್ಳುತ್ತದೆ. ಟ್ಯೂಬಿನ ತಾರೀಕು ನೋಡಿ ತನ್ನಿ. ಅವಧಿ ಮೀರಿದ್ದು ಒಳಗೇ ಗಟ್ಟಿಯಾಗಿ ಕೂತಿರುತ್ತದೆ. ನೀವು ಗನ್ ಒತ್ತಿ ಒತ್ತಿ ಹೆಬ್ಬೆರಳು ಊದಿಸಿಕೊಳ್ಳುತ್ತೀರಿ.

ಅಳತೆ: 8x6 ಅಡಿ ಟಾಪಿನ ಸುತ್ತಳತೆ 28 ಅಡಿ, ಅಂದರೆ 8.5 ಮೀಟರ್. ಗವಾಕ್ಷಿಯ ಚೌಕಟ್ಟು 16 ಇಂಚಿನದಾದರೆ ಅದಕ್ಕೆ 1.6 ಮೀಟರ್. ಬ್ಯೂಟೈಲ್ ಟೇಪಿನ ಸುರುಳಿ 10 ಮೀಟರಿನದು ತಂದರೆ ಕೊನೆಗೆ ಗೇಣುದ್ದ ಸಾಲದೆ ಬಂದು ಮತ್ತೆ ಅದೇ ಅಂಗಡಿಯ ಮುಂದೆ ನಿಲ್ಲುತ್ತೀರಿ. ಎರಡು ತನ್ನಿ, 20 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ್ದು. 300 ಮಿ.ಲೀ. ಪಿಯು ಟ್ಯೂಬು 6 ಮಿ.ಮೀ. ಗೆರೆ ಎಳೆದರೆ ಲೆಕ್ಕದಲ್ಲಿ ಹತ್ತು ಮೀಟರ್ ಬರಬೇಕು. ಕೈ ನಡುಗುವವರಿಗೆ ಆರೇಳು. ಸ್ಕ್ರೂ ತಲೆಗಳನ್ನೂ ಸೇರಿಸಿ ಮೂರು ಟ್ಯೂಬಿರಲಿ. ಒಡೆದದ್ದು ಮುಂದಿನ ಭಾನುವಾರಕ್ಕೆ ಉಳಿಯುವುದಿಲ್ಲ, ಗಾಳಿಯ ತೇವಕ್ಕೇ ಗಟ್ಟಿಯಾಗುತ್ತದೆ.

ಇನ್ನು ಕೆಲಸ. ಕೆಲಸ ಅಂದರೆ ಕೆರೆಯುವುದು. ಬಳಿಯುವುದಕ್ಕೆ ಒಂದು ಗಂಟೆಯಾದರೆ ಕೆರೆಯುವುದಕ್ಕೆ ಎರಡು ದಿನ. ಪಟ್ಟಿ ಬಿಚ್ಚಿ, ಹೇರ್ ಡ್ರೈಯರಿನಲ್ಲಿ ಹಳೇ ಅಂಟು ಮೆತ್ತಗೆ ಮಾಡಿ, ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಬೇಕು. ಕಬ್ಬಿಣದ ಕರಣೆ ಹಿಡಿದವರು ಅಂಟಿನ ಜೊತೆ ತಗಡನ್ನೂ ಎಬ್ಬಿಸಿ ಹೊಸ ಸೋರಿಕೆಗೆ ಶಂಕುಸ್ಥಾಪನೆ ಮಾಡುತ್ತಾರೆ. ಉಳಿದ ಜಿಗುಟಿಗೆ ಟರ್ಪೆಂಟೈನ್, ಅದರ ಎಣ್ಣೆ ಪಸೆ ಹೋಗಲು ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ. ಟಾಪಿನ ಮೇಲೆ ನಿಲ್ಲಬೇಡಿ. ಏಣಿ ಹಾಕಿ, ತೀರಾ ಬೇಕಾದರೆ ಅಡ್ಡ ಹಲಗೆ ಹಾಕಿ ಮಂಡಿಯೂರಿ.

ಪಟ್ಟಿ ತೆಗೆದ ಮೇಲೆ ಮರವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ನಮ್ಮಲ್ಲಿ ಮೈಸೂರು ಪಾಕು ಎರಡು ಥರ: ಹಲ್ಲಿಗೆ ಸವಾಲು ಹಾಕುವ ಗಟ್ಟಿ ಪಾಕು, ಬೆರಳಿಟ್ಟರೆ ಕುಸಿಯುವ ತುಪ್ಪದ ಪಾಕು. ತಿನ್ನುವುದಕ್ಕೆ ಯಾವುದು ಮೇಲು ಅಂತ ಜಗಳವಾಡಿಕೊಳ್ಳಿ, ಟಾಪಿಗೆ ಮಾತ್ರ ಗಟ್ಟಿಯದೇ ಬೇಕು. ತುಪ್ಪದ ಪಾಕಾದ ಭಾಗವನ್ನು, ಗಟ್ಟಿ ಮರ ಸಿಕ್ಕ ಮೇಲೂ ಇನ್ನು ನಾಲ್ಕಿಂಚು ಸೇರಿಸಿ, ಕತ್ತರಿಸಿ ತೆಗೆಯಿರಿ. ಗಾಣದಿಂದ ಬಂದ ಕಬ್ಬಿನ ಸಿಪ್ಪೆಯಂತೆ ಎಳೆಎಳೆಯಾಗಿ ಈಚೆ ಬರುತ್ತದೆ. ಅದರ ಜಾಗಕ್ಕೆ ಐಎಸ್ 710 ಅಂತ ಮುದ್ರೆಯಿರುವ ಮೆರೀನ್ ಪ್ಲೈವುಡ್. "ಇದೂ ವಾಟರ್‌ಪ್ರೂಫೇ ಸಾರ್" ಅಂತ ಕೊಡುವ ಐಎಸ್ 303ರ ಮಾಮೂಲಿ ಹಲಗೆ ಅಡುಗೆಮನೆ ಕಪಾಟಿಗೆ ಹೋಗಲಿ. ಉಳಿದ ಮರಕ್ಕೆ ಟೇಬಲ್ ಫ್ಯಾನಿಟ್ಟು ಮೂರು ದಿನವಾದರೂ ಒಣಗಿಸಿ. ತೇವದ ಮೇಲೆ ಸೀಲ್ ಮಾಡುವುದೆಂದರೆ ಕಳ್ಳನನ್ನು ಒಳಗೇ ಬಿಟ್ಟು ಬೀಗ ಹಾಕಿದಂತೆ.

ಈ ಒಣಗಿಸುವ ಮಾತು ಬಂದಾಗ ಪಂಚಾಂಗವೂ ಬರುತ್ತದೆ. ಮೈಸೂರಿಗೆ ಜೋರು ಮಳೆ ಮೇನಲ್ಲೊಮ್ಮೆ, ದಸರೆಯ ಆಸುಪಾಸಿನಲ್ಲೊಮ್ಮೆ. ಕೆಲಸಕ್ಕೆ ಜನವರಿಯಿಂದ ಮಾರ್ಚಿಯೇ ಸರಿ. ಯುಗಾದಿ ಕಳೆಯಲಿ ಅಂತ ಮುಂದೂಡಿದರೆ ಭರಣಿ ಬಂದೇಬಿಡುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಟಾಪಿನ ಪ್ಲೈವುಡ್ಡಿನಲ್ಲಿ ಅಣಬೆಯೂ ಅದೇ ಲೆಕ್ಕಕ್ಕೆ ಸೇರಿದ್ದು. ಕೆಲಸದ ಹೊತ್ತು ಬೆಳಿಗ್ಗೆ ಹತ್ತರೊಳಗೆ. ಮಧ್ಯಾಹ್ನದ ತಗಡಿನ ಮೇಲೆ ಪಿಯು ದೋಸೆ ಹುಯ್ದಂತೆ ಗುಳ್ಳೆ ಏಳುತ್ತದೆ.

ಕೂರಿಸುವುದು ಸಲೀಸು. ಪಟ್ಟಿಯ ಅಡಿಗೆ ಬ್ಯೂಟೈಲ್, ಮೇಲೆ 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ. ತೂತು ದೊಡ್ಡದಾಗಿದ್ದರೆ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆಯಿರಿ. ಸ್ಕ್ರೂ ಉದ್ದ ಅಳೆದು ತನ್ನಿ. ಒಂದು ಇಂಚು ಸಾಕಾದ ಕಡೆ ಒಂದೂವರೆ ಹೊಡೆದರೆ ಅದರ ಮೊನೆ ಒಳಗೆ ಮಲಗಿದವರ ಹಣೆಗೆ ಬೊಟ್ಟಿಡುತ್ತದೆ. ಕಾರಿನ ಚಕ್ರ ಬಿಗಿಯುವ ಹಾಗೆ ಎದುರುಬದುರು, ಎರಡು ಸುತ್ತಿನಲ್ಲಿ ಬಿಗಿಯಿರಿ. ರಾತ್ರಿಯೆಲ್ಲ ಅಂಟು ಹಿಂಡಿಕೊಂಡು ಈಚೆ ಬರುತ್ತದೆ. ಮಾರನೆಯ ದಿನ ಕಾಲು ತಿರುವು ಕೊಟ್ಟು, ಹೊರಬಂದದ್ದನ್ನು ಕತ್ತರಿಸಿ, ಆಮೇಲೆ ಪಿಯು ಗೆರೆ. ದಿನಕ್ಕೆ ಎರಡು ಮೂರು ಮಿ.ಮೀ. ಆಳಕ್ಕಷ್ಟೇ ಅದು ಗಟ್ಟಿಯಾಗುವುದು. ಒಣಗಿತಾ ಅಂತ ಪ್ರತಿ ಗಂಟೆಗೂ ಬೆರಳೊತ್ತಿ ನೋಡುವ ಮಕ್ಕಳನ್ನೂ, ಮಕ್ಕಳಿಗಿಂತ ಮೊದಲು ಅವರ ತಾತನನ್ನೂ ದೂರವಿಡಿ. ಮೂರನೇ ದಿನ ಮತ್ತೆ ಪೈಪು, ಮತ್ತೆ ಕೆಳಗಿನಿಂದ ಮೇಲಕ್ಕೆ, ಮತ್ತೆ ಹತ್ತು ಹತ್ತು ನಿಮಿಷ.

ಒಳಗಿನ ಸೀಲಿಂಗ್ ಹಲಗೆಯನ್ನು ಮಾತ್ರ ಕೂಡಲೇ ಮುಚ್ಚಬೇಡಿ. ಒಂದು ನಿಜವಾದ ಮಳೆ, ಪೈಪಿನದಲ್ಲ, ರಾತ್ರಿಯಿಡೀ ಹುಯ್ಯುವಂಥದ್ದು, ಅದರ ಮೇಲೆ ಬೀಳಲಿ. ಅಲ್ಲಿಯವರೆಗೆ ಮನೆಗೆ ಬಂದವರೆಲ್ಲ ತಲೆಯೆತ್ತಿ "ಇನ್ನೂ ಆಗಿಲ್ವಾ ಇದು?" ಅನ್ನುತ್ತಾರೆ, ಅನ್ನಲಿ. ಮಳೆ ನಿಂತ ಬೆಳಿಗ್ಗೆ ಟಾರ್ಚು ಹಿಡಿದು ನೋಡಿದಾಗ ಚಾಕ್‌ಪೀಸಿನ ಗೆರೆಗಳು ಕರಗದೆ, ಬೆರಳಿಗೆ ಪುಡಿಪುಡಿಯಾಗಿ ಹತ್ತಿದರೆ ಹಲಗೆ ಮುಚ್ಚಬಹುದು.