ಬೆರಳ ಸಂದಿಯ ಸಿನಿಮಾ

ನಾನು ಮೊದಲ ಸಲ ನೋಡಿದ ದೆವ್ವದ ಸಿನಿಮಾವನ್ನು ಪೂರ್ತಿ ನೋಡಿಲ್ಲ. ಎದ್ದು ಓಡಿಹೋಗಲಿಲ್ಲ, ಕೊನೆಯವರೆಗೂ ಕೂತಿದ್ದೆ. ಆದರೆ ಎರಡೂ ಕೈ ಮುಖದ ಮೇಲಿತ್ತು. ಬೆರಳ ಸಂದಿಯಲ್ಲಿ ಎಷ್ಟು ಕಂಡಿತೋ ಅಷ್ಟೇ. ಉಳಿದದ್ದನ್ನು ಕಿವಿಯಲ್ಲಿ ಕೇಳಿ ನಾನೇ ಕಟ್ಟಿಕೊಂಡೆ. ಬಾಗಿಲು ಕಿರ್ ಅಂದಾಗ ಅದರ ಹಿಂದಿನಿಂದ ಒಂದು ಕೈ ಬಂತು. ಐದು ಬೆರಳಲ್ಲಿ ಒಂದಕ್ಕೂ ಉಗುರಿಲ್ಲ. ಆ ಕೈ ವರ್ಷಗಟ್ಟಲೆ ನನ್ನ ಮಂಚದ ಕೆಳಗೆ ವಾಸವಾಗಿತ್ತು.

ಮೊನ್ನೆ ಅದೇ ಸಿನಿಮಾ ಮತ್ತೆ ಸಿಕ್ಕಿತು. ಧೈರ್ಯ ಮಾಡಿ ಕಣ್ಣು ಬಿಟ್ಟುಕೊಂಡೇ ನೋಡಿದೆ. ಬಾಗಿಲು ಕಿರ್ ಅಂತು. ಕೆಲಸದಾಕೆ ಟ್ರೇ ಹಿಡಿದು ಒಳಗೆ ಬಂದಳು. ಅಷ್ಟೇ. ಇಷ್ಟು ವರ್ಷ ನಾನು ಹೆದರಿದ್ದು ನಾನೇ ಮಾಡಿಕೊಂಡ ರಿಮೇಕಿಗೆ!

ಹಳೆಯ ಹಾರರ್ ಸಿನಿಮಾವನ್ನು ಮತ್ತೆ ತೆಗೆಯುತ್ತಾರಂತೆ ಅಂದ ಕೂಡಲೇ ‘ಚೆನ್ನಾಗಿರೋದನ್ನ ಯಾಕೆ ಕೆಡಿಸ್ತಾರೋ’ ಅಂತ ಗೊಣಗುವ ಅಭ್ಯಾಸ ನನಗೂ ಇತ್ತು. ಆ ಟ್ರೇ ಕಂಡ ಮೇಲೆ ಸ್ವಲ್ಪ ಬಾಯಿ ಬಿಗಿಹಿಡಿದಿದ್ದೇನೆ.

ಗೊಣಗುವುದಕ್ಕೆ ಕಾರಣ ಇಲ್ಲವೇ ಇಲ್ಲ ಅಂತಲ್ಲ. 1960ರಲ್ಲಿ ಬಂದ ಹಿಚ್‌ಕಾಕ್ ಅವರ ‘ಸೈಕೋ’ದ ಬಚ್ಚಲುಮನೆ ದೃಶ್ಯ ನೆನಪು ಮಾಡಿಕೊಳ್ಳಿ. ಚಾಕು ಮೇಲೇಳುತ್ತದೆ, ಕೆಳಗಿಳಿಯುತ್ತದೆ, ಪಿಟೀಲುಗಳು ಕಿರುಚುತ್ತವೆ. ಚಾಕು ಮೈಗೆ ಇಳಿದದ್ದನ್ನು ನೋಡಿದೆ ಅಂತ ನಾನು ಆಣೆ ಮಾಡಿ ಹೇಳುತ್ತಿದ್ದೆ. ಆದರೆ ಪರದೆ ಮೇಲೆ ಇರುವುದಕ್ಕಿಂತ ತಲೆಯೊಳಗೆ ಆದದ್ದೇ ಜಾಸ್ತಿ. ಹರಿದು ಹೋಗುವ ರಕ್ತ ಕೂಡ ಚಾಕೊಲೇಟ್ ಸಿರಪ್ಪು. ಕಪ್ಪು ಬಿಳುಪಿನಲ್ಲಿ ಯಾರಿಗೆ ಗೊತ್ತಾಗಬೇಕು? ನಾವು ಕೈ ಎತ್ತುವ ಮೊದಲೇ ಹಿಚ್‌ಕಾಕ್ ನಮ್ಮ ಕಣ್ಣಿಗೆ ತಮ್ಮ ಬೆರಳು ಅಡ್ಡ ಇಟ್ಟಿದ್ದರು.

1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಇದನ್ನೇ ಬಣ್ಣದಲ್ಲಿ, ಹೆಚ್ಚುಕಡಿಮೆ ಶಾಟಿಗೆ ಶಾಟು ಇಟ್ಟು ತೆಗೆದರು. ಕಥೆ ಅದೇ, ಮಾತು ಬಹುಪಾಲು ಅದೇ, ಕಿರುಚುವ ಪಿಟೀಲೂ ಅದೇ. ಪಕ್ಕದವನ ಉತ್ತರವನ್ನು ಅಕ್ಷರ ಬಿಡದೆ ಬರೆದೂ ಫೇಲಾದ ಹುಡುಗನ ಹಾಗಾಯಿತು. ಗೊತ್ತಿರುವ ಮೆಟ್ಟಿಲಲ್ಲಿ ಯಾರು ಎಡವುತ್ತಾರೆ? ಹೀಗೂ ಮಾಡಿ ನೋಡೋಣ ಅನ್ನುವ ಅವರ ಹುಂಬ ಧೈರ್ಯ ಮಾತ್ರ ನನಗೆ ಇಷ್ಟ.

ಹಾಗಂತ ಮೂಲಕ್ಕೆ ಮಡಿ ಉಡಿಸಿ ಕೂರಿಸುವುದೂ ಕಷ್ಟ. 1922ರ ‘ನೊಸ್ಫೆರಾಟು’ ತೆಗೆದವರು ‘ಡ್ರಾಕುಲಾ’ ಕಾದಂಬರಿಯನ್ನು ಯಾರನ್ನೂ ಕೇಳದೆ ಎತ್ತಿಕೊಂಡು ಹೆಸರುಗಳನ್ನು ಬದಲಿಸಿದ್ದರು. ಕಾದಂಬರಿಕಾರ ಸ್ಟೋಕರ್ ಅವರ ಹೆಂಡತಿ ಕೋರ್ಟಿಗೆ ಹೋದರು. ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ತೀರ್ಪಾಯಿತು. ಆದರೂ ಕೆಲವು ಪ್ರತಿ ಉಳಿದುಕೊಂಡವು. ರಕ್ತ ಕುಡಿಯುವ ಪಿಶಾಚಿ ಅಲ್ವಾ, ಒಂದು ತೀರ್ಪಿಗೆಲ್ಲ ಸಾಯುತ್ತದೆಯೇ? 1979ರಲ್ಲಿ ಹೆರ್ಜೋಗ್, 2024ರಲ್ಲಿ ಎಗರ್ಸ್ ಅದನ್ನು ಮತ್ತೆ ಎಬ್ಬಿಸಿದರು. ಕದ್ದ ಮಾಲನ್ನು ಯಾರೂ ಮುಟ್ಟಬೇಡಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ನನ್ನ ವಾದವನ್ನೇ ತಲೆಕೆಳಗು ಮಾಡಿದ್ದು ಜಾನ್ ಕಾರ್ಪೆಂಟರ್ ಅವರ ‘ದಿ ಥಿಂಗ್’. 1951ರಲ್ಲಿ ಇದೇ ಕಥೆಯ ಸಿನಿಮಾ ಬಂದಿತ್ತು. ಅದರಲ್ಲಿ ಹಿಮದಡಿ ಸಿಕ್ಕ ಜೀವಿ ಒಬ್ಬ ಎತ್ತರದ ಆಳಿನ ಹಾಗಿತ್ತು. ದೂರದಿಂದಲೇ ಗೊತ್ತಾಗುತ್ತದೆ, ಬಂತಪ್ಪ ಅಂತ. 1982ರಲ್ಲಿ ಕಾರ್ಪೆಂಟರ್ ಅದನ್ನು ಪಕ್ಕಕ್ಕಿಟ್ಟು 1938ರ ಮೂಲ ಕಥೆಗೇ ಹೋದರು. ಅಲ್ಲಿ ಆ ಜೀವಿ ಯಾರ ರೂಪ ಬೇಕಾದರೂ ತಾಳುತ್ತದೆ. ಅಂಟಾರ್ಕ್ಟಿಕಾದ ಒಂದು ಕ್ಯಾಂಪು, ಹನ್ನೆರಡು ಗಂಡಸರು. ಇವರಲ್ಲಿ ಯಾರು ಮನುಷ್ಯ, ಯಾರು ಅಲ್ಲ? ಒಬ್ಬೊಬ್ಬರ ರಕ್ತಕ್ಕೂ ಕಾದ ತಂತಿ ಮುಟ್ಟಿಸಿ ನೋಡುತ್ತಾರೆ. ಮಲಗಿದವನ ಎದೆ ಬಾಯಿಯಂತೆ ತೆರೆದು ಡಾಕ್ಟರ ಕೈಗಳನ್ನೇ ಕಚ್ಚಿ ತುಂಡರಿಸುವುದನ್ನು ಕಾರ್ಪೆಂಟರ್ ತೋರಿಸಿಬಿಡುತ್ತಾರೆ. ಏನನ್ನೂ ಮುಚ್ಚುವುದಿಲ್ಲ. ಆದರೆ ಪಕ್ಕದಲ್ಲಿ ಕೂತವನ ಮುಖ ಇದೆಯಲ್ಲ, ಅದರ ಹಿಂದೆ ಯಾರಿದ್ದಾರೆ ಅನ್ನುವುದು ಮಾತ್ರ ಕೊನೆಗೂ ಕಾಣುವುದಿಲ್ಲ. ಮುಚ್ಚುವ ಜಾಗವನ್ನೇ ಬದಲಿಸಿದ್ದಾರೆ.

ಬಂದಾಗ ಇದು ಸೋತಿತು. ವಿಮರ್ಶಕರು ಚೆನ್ನಾಗಿ ಬೈದರು. ಈಗ ಕ್ಲಾಸಿಕ್. 2011ರಲ್ಲಿ ಇದೇ ಹೆಸರಲ್ಲಿ ಇದಕ್ಕೂ ಹಿಂದಿನ ಕಥೆ ಸಿನಿಮಾ ಆಗಿ ಬಂದಾಗ ‘ಒರಿಜಿನಲ್ ಮುಂದೆ ಇದೇನಿಲ್ಲ’ ಅಂತ ನಾನೂ ಅಂದೆ. ಯಾವ ಒರಿಜಿನಲ್ಲು ಸ್ವಾಮಿ?

ಮಲಯಾಳದ ‘ಮಣಿಚಿತ್ರತ್ತಾಳ್’ 1993ರದ್ದು. ಅದರ ನಾಯಕಿ ಆಗಾಗ ತಾನು ಹಿಂದೆಂದೋ ಸತ್ತ ಒಬ್ಬ ನರ್ತಕಿ ಅಂದುಕೊಳ್ಳುತ್ತಾಳೆ, ಆ ನರ್ತಕಿ ಮಾತಾಡುವುದು ತಮಿಳು. 2004ರಲ್ಲಿ ಕನ್ನಡಕ್ಕೆ ‘ಆಪ್ತಮಿತ್ರ’ ಆಗಿ ಬಂದಾಗ ಆಕೆಯ ಮಾತು ತೆಲುಗಾಯಿತು. 2007ರಲ್ಲಿ ಹಿಂದಿಗೆ ಹೋದಾಗ ಬಂಗಾಳಿ. ನರ್ತಕಿಗೆ ಎಲ್ಲಿ ಹೋದರೂ ಮನೆಯವರ ಭಾಷೆ ಮಾತ್ರ ಬಾರದು! ಈಗಷ್ಟೇ ನಗುತ್ತಾ ಮಾತಾಡಿದ ಮನೆಯ ಹುಡುಗಿ ಬಾಯಿ ತೆರೆದರೆ ಬೇರೆ ಯಾರದೋ ಭಾಷೆ. ಅರ್ಧ ಗೊತ್ತಾಗುತ್ತದೆ, ಅರ್ಧ ಇಲ್ಲ. ಆ ಗೊತ್ತಾಗದ ಅರ್ಧ ನಮ್ಮ ಪಾಲಿಗೆ. ಮಾತು ಮಾತಿಗೂ ಅನುವಾದ ಮಾಡಿ ಕೊಟ್ಟಿದ್ದರೆ ಮೈ ಜುಮ್ ಅನ್ನುತ್ತಿತ್ತೇ?

ಇಷ್ಟಾದರೂ ಹೊಸಬರ ಮೇಲೆ ನನಗೆ ಸುಮ್ನೆ ಮರುಕ. ಮೊಬೈಲು ಅವರ ದೊಡ್ಡ ಶತ್ರು. ಹಿಂದೆ ಫೋನಿನ ವೈರು ಕತ್ತರಿಸಿದರೆ ಕೆಲಸ ಮುಗಿಯಿತು. 1979ರ ‘ವೆನ್ ಎ ಸ್ಟ್ರೇಂಜರ್ ಕಾಲ್ಸ್’ನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಬಂದ ಹುಡುಗಿಗೆ ಮತ್ತೆ ಮತ್ತೆ ಫೋನು. ಪೊಲೀಸರು ಪತ್ತೆ ಹಚ್ಚಿ ಹೇಳುತ್ತಾರೆ, ಕರೆ ಬರುತ್ತಿರುವುದು ನೀನಿರುವ ಮನೆಯೊಳಗಿಂದಲೇ! ಅದು ಸಿನಿಮಾದ ಮೊದಲ ಇಪ್ಪತ್ತು ನಿಮಿಷದ ಸಂಗತಿ. 2006ರ ರಿಮೇಕು ಅದನ್ನೇ ಇಡೀ ಸಿನಿಮಾಕ್ಕೆ ಎಳೆಯಿತು. ಈಗಾದರೆ ನಂಬರು ಪರದೆ ಮೇಲೇ ಬರುತ್ತದೆ, ಹುಡುಗಿ ಬ್ಲಾಕ್ ಮಾಡಿ ಮಲಗುತ್ತಾಳೆ. ಅದಕ್ಕೇ ಇಂದಿನ ಪ್ರತಿ ದೆವ್ವದ ಸಿನಿಮಾದಲ್ಲೂ ಯಾರಾದರೊಬ್ಬರು ಫೋನು ಮೇಲೆತ್ತಿ ‘ನೆಟ್‌ವರ್ಕ್ ಇಲ್ಲ’ ಅನ್ನಲೇಬೇಕು. ದೆವ್ವ ಬರುವ ಮೊದಲು ಬೀಸುತ್ತಿದ್ದ ಗಾಳಿಯ ಕೆಲಸ ಈಗ ಇದರದ್ದು.

ಅಂದಹಾಗೆ, ನನ್ನ ಆ ಟ್ರೇ ಸಿನಿಮಾದ ರಿಮೇಕೂ ಬರುತ್ತಿದೆಯಂತೆ. ಟಿಕೆಟ್ ಬುಕ್ ಮಾಡಲು ಕೂತಿದ್ದೇನೆ. ಮಧ್ಯಾಹ್ನದ ಆಟ, ಸಾಲಿನ ನಡುವಿನ ಸೀಟು. ಅಕ್ಕಪಕ್ಕದ ಎರಡೂ ಸೀಟು ಭರ್ತಿಯಾಗಿರಬೇಕು. ಅದನ್ನೇ ನೋಡುತ್ತಿದ್ದೇನೆ.